ಅವರೆಗೊಂದು ಕತ್ತಲೆಮನೆ: ಲೆಸ್ಟರ್‌ನ ಅಲಾಟ್‌ಮೆಂಟಿನಲ್ಲಿ ಒಂದು ಬೇಸಿಗೆ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅವರೆಕಾಯಿ ಬೆಳೆಯಬೇಕೆಂದರೆ, ಊರಿನಲ್ಲಿ ಪುಕ್ಕಟೆ ಸಿಗುವ ಎರಡನ್ನು ಕೈಯಾರೆ ಕಟ್ಟಿಕೊಳ್ಳಬೇಕು. ಒಂದು ಬಿಸಿ, ಇನ್ನೊಂದು ಇರುಳು. ಬಿಸಿಯ ವಿಚಾರ ಎಲ್ಲರಿಗೂ ಗೊತ್ತು. ಇಲ್ಲಿ ತೋಟ ಮಾಡುವ ಯಾರನ್ನು ಕೇಳಿದರೂ ಪಾಲಿಟನಲ್ (ಕಮಾನುಗಳ ಮೇಲೆ ಪಾಲಿಥಿನ್ ಹಾಳೆ ಹೊದಿಸಿದ ಗುಡಾರ) ಹಾಕಿ, ಗಾಜಿನ ಮನೆ ಕಟ್ಟಿ ಎಂದು ಹೇಳುತ್ತಾರೆ. ಇರುಳಿನ ವಿಚಾರವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಜೂನ್ ಕೊನೆಯ ವಾರ ಇಲ್ಲಿ ಹಗಲು ಸುಮಾರು 16 ಗಂಟೆ 50 ನಿಮಿಷ ಇರುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲು ಕೂಡ 13 ಗಂಟೆ ಮುಟ್ಟುವುದಿಲ್ಲ. ನಮ್ಮ ನಾಟಿ ಅವರೆ ಹೂ ಬಿಡುವುದು ರಾತ್ರಿ ಉದ್ದವಾದಾಗ. ಆದ್ದರಿಂದಲೇ ಅದರ ಕಾಲ ಚಳಿಗಾಲದ ಆರಂಭದಿಂದ ಸಂಕ್ರಾಂತಿಯವರೆಗೆ. ಅದೇ ಬೀಜವನ್ನು ಲೆಸ್ಟರ್‌ನಲ್ಲಿ ಮೇ ತಿಂಗಳಲ್ಲಿ ಹಾಕಿದರೆ ಬಳ್ಳಿ ಸೊಕ್ಕಿ ಬೆಳೆಯುತ್ತದೆ, ಮಾಡು ಮುಟ್ಟುತ್ತದೆ, ಒಂದು ಮೊಗ್ಗನ್ನೂ ಬಿಡುವುದಿಲ್ಲ. ಹಗಲು ರಾತ್ರಿ ಸಮನಾಗುವ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅದಕ್ಕೆ ಎಚ್ಚರವಾಗುತ್ತದೆ. ಅಕ್ಟೋಬರ್‌ನ ಚಳಿ ಅದರ ಹಿಂದೆಯೇ ಬಂದು ಕೆಲಸ ಮುಗಿಸುತ್ತದೆ.

ಹಗಲು ರಾತ್ರಿಯ ಉದ್ದವನ್ನು ಲೆಕ್ಕಿಸದೆ ಕಾಯಿ ಬಿಡುವ ತಳಿಗಳು ನಮ್ಮಲ್ಲಿ ಇಲ್ಲವೆಂದಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂಥವೇ. ಆದರೆ ಭಾರತದಿಂದ ಬಿತ್ತನೆ ಬೀಜ ತರಲು ಬ್ರಿಟನ್‌ನಲ್ಲಿ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸೂಟ್‌ಕೇಸಿನ ಮೂಲೆಯಲ್ಲಿ ಪೊಟ್ಟಣ ತುರುಕಿ ತರುವಂತಿಲ್ಲ. ಇಲ್ಲಿನ ಬೀಜದ ಅಂಗಡಿಗಳಲ್ಲಿ ಸಿಗುವ ಅವರೆಯ ಬಂಧು ‘ರೂಬಿ ಮೂನ್’ ಎಂಬ ನೇರಳೆ ಕಾಯಿಯ ಬಳ್ಳಿ. ಅದನ್ನು ಬೇಲಿಯ ಅಂದಕ್ಕೆಂದು ಮಾರುತ್ತಾರೆ, ಸಾರಿಗೆಂದು ಅಲ್ಲ. ಬೆಲ್‌ಗ್ರೇವ್ ರಸ್ತೆಯ ದಿನಸಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಒಣ ಅವರೆಕಾಳನ್ನೇ ನೆನೆಹಾಕಿ ಮೊಳಕೆ ಬರಿಸಿದೆ. ಅದು ಹಗಲಿನ ಲೆಕ್ಕ ನೋಡುವ ಜಾತಿಯೇ. ಹಾಗಾಗಿ ತಳಿ ಬದಲಿಸುವ ಬದಲು ಹಗಲನ್ನೇ ಬದಲಿಸುವುದೆಂದು ತೀರ್ಮಾನಿಸಿದೆ. ಈ ಬರಹ ಆ ಕೆಲಸದ ದಾಖಲೆ.

ಜಾಗ

ಅಲಾಟ್‌ಮೆಂಟ್ ಎಂದರೆ ನಗರಸಭೆಯೋ ಸ್ಥಳೀಯ ಸಂಘವೋ ವರ್ಷದ ಬಾಡಿಗೆಗೆ ಕೊಡುವ ತುಂಡು ನೆಲ. ಹಳೆಯ ಲೆಕ್ಕದಲ್ಲಿ ಪೂರ್ತಿ ತುಂಡು 10 ರಾಡ್, ಅಂದರೆ ಸುಮಾರು 250 ಚದರ ಮೀಟರ್. ನನ್ನದು ಅದರ ಅರ್ಧ. 1908ರ ಕಾಯಿದೆ ಬೇಡಿಕೆ ಇದ್ದಲ್ಲಿ ಇಂಥ ನೆಲ ಒದಗಿಸುವ ಹೊಣೆಯನ್ನು ಸ್ಥಳೀಯ ಆಡಳಿತಗಳ ಮೇಲೆ ಹೊರಿಸಿತು. 1922ರ ಕಾಯಿದೆ ಇದನ್ನು ಮುಖ್ಯವಾಗಿ ತನ್ನ ಮತ್ತು ತನ್ನ ಮನೆಯವರ ಊಟಕ್ಕೆ ಹಣ್ಣು ತರಕಾರಿ ಬೆಳೆಯುವ ನೆಲ ಎಂದು ವ್ಯಾಖ್ಯಾನಿಸಿತು. ಬೆಳೆದು ಮಾರುವ ವ್ಯಾಪಾರಕ್ಕೆ ಇಲ್ಲಿ ಜಾಗವಿಲ್ಲ. ಹೆಚ್ಚಾದದ್ದನ್ನು ಪಕ್ಕದ ತುಂಡಿನವರಿಗೆ ಹಂಚುವುದೇ ರೂಢಿ, ಜುಲೈನಲ್ಲಿ ಅವರೂ ತಮ್ಮ ಹೆಚ್ಚಾದ ಕೋರ್ಜೆಟ್ ಎಂಬ ಕುಂಬಳ ಜಾತಿಯ ಕಾಯಿಗಳನ್ನು ನಮಗೆ ತಂದುಕೊಡಲು ಕಾಯುತ್ತಿರುತ್ತಾರೆ, ತಪ್ಪಿಸಿಕೊಳ್ಳಲು ದಾರಿಯಿಲ್ಲ.

ನನ್ನ ಎಡಗಡೆಯ ತುಂಡು ಗುಜರಾತಿ ಮೂಲದ ಹಿರಿಯರೊಬ್ಬರದು. ಇದಿ ಅಮೀನ್ 1972ರಲ್ಲಿ ಉಗಾಂಡದಿಂದ ಏಷ್ಯನ್ನರನ್ನು ಹೊರಹಾಕಿದಾಗ ಇಲ್ಲಿಗೆ ಬಂದು ನೆಲೆಸಿದ ಕುಟುಂಬಗಳಲ್ಲಿ ಅವರದೂ ಒಂದು. ಅವರ ಸೂರತಿ ಪಾಪ್ಡಿಯೂ ಅವರೆಯ ಕುಲವೇ. ಉಂಧಿಯು ಎಂಬ ಗುಜರಾತಿ ತರಕಾರಿ ಅಡುಗೆ ಮಾಡಲು ಅದೇ ಬೇಕು ಎಂಬ ಹಟದಿಂದ ವರ್ಷಗಳಿಂದ ಬೆಳೆಸುತ್ತಾ ಬಂದಿದ್ದಾರೆ. ಅವರ ಬಳ್ಳಿಗೂ ಸೆಪ್ಟೆಂಬರ್ ಮುಗಿಯುವವರೆಗೆ ಹೂವಿಲ್ಲ. “ಇಲ್ಲಿನ ಬಿಸಿಲು ಸಾಲದು” ಎಂಬುದು ಅವರ ವಿವರಣೆ. ಬಿಸಿಲು ಸಾಲದೆಂದಲ್ಲ, ಹೆಚ್ಚಾಗಿದೆ ಎಂದು ನಾನು ಹೇಳಿದಾಗ ಅವರು ನಕ್ಕು ಸುಮ್ಮನಾದರು.

ಲದ್ದಿಯ ಬಿಸಿ

ಕೆಲಸ ಮಾರ್ಚ್‌ನಿಂದಲೇ ಶುರು. ಈ ಪ್ರಾಂತ್ಯದಲ್ಲಿ ಮೇ ತಿಂಗಳ ನಡುವಿನವರೆಗೂ ಹಿಮ ಕಚ್ಚುವ ರಾತ್ರಿಗಳು ಬರುತ್ತವೆ. ಅವರೆ ಮೊಳೆಯಲು ಮಣ್ಣು ಹತ್ತಿರ ಹತ್ತಿರ 20 ಡಿಗ್ರಿ ಇರಬೇಕು. ಹೀಟರಿಗೆ ನಮ್ಮ ತೋಟದಲ್ಲಿ ವಿದ್ಯುತ್ ಇಲ್ಲ. ಇರುವುದು ಕುದುರೆ ಲದ್ದಿ. ಊರ ಹೊರಗಿನ ಲಾಯದವರು ಎಷ್ಟು ಬೇಕಾದರೂ ತುಂಬಿಕೊಂಡು ಹೋಗಿ ಎನ್ನುತ್ತಾರೆ.

ಆದರೆ ಬ್ರಿಟನ್‌ನಲ್ಲಿ ಲದ್ದಿಯನ್ನು ಕಣ್ಣು ಮುಚ್ಚಿ ತರುವಂತಿಲ್ಲ. ಹುಲ್ಲುಗಾವಲಿನ ಕಳೆಗೆ ಹೊಡೆಯುವ ಅಮಿನೊಪಿರಾಲಿಡ್ ಎಂಬ ಔಷಧಿ ಹುಲ್ಲಿನ ಮೂಲಕ ಕುದುರೆಯ ಹೊಟ್ಟೆಗೆ ಹೋಗಿ, ಅಲ್ಲಿ ಕರಗದೆ ಲದ್ದಿಯಲ್ಲಿ ಹೊರಬರುತ್ತದೆ. ಹುಲ್ಲಿನ ಜಾತಿಗೆ ಅದರಿಂದ ಏನೂ ಆಗುವುದಿಲ್ಲ. ಹುರುಳಿಕಾಯಿ, ಅವರೆ, ಟೊಮೆಟೊ, ಆಲೂಗಡ್ಡೆಗಳ ಎಲೆಗಳು ಮಾತ್ರ ದೊನ್ನೆಯಾಗಿ ಮುರುಟಿಕೊಂಡು ಗಿಡ ಹಾಳಾಗುತ್ತದೆ. 2008ರಲ್ಲಿ ಈ ದೇಶದ ಸಾಕಷ್ಟು ಅಲಾಟ್‌ಮೆಂಟ್‌ಗಳು ಇದರ ಪೆಟ್ಟು ತಿಂದಿವೆ. ಪರೀಕ್ಷೆ ಸುಲಭ: ಹಳೆಯ ಲದ್ದಿಯನ್ನು ಮಣ್ಣಿನೊಂದಿಗೆ ಸಮಸಮ ಬೆರೆಸಿ ಕೆಲವು ಕುಂಡಗಳಿಗೆ ತುಂಬಿ, ಬರಿ ಮಣ್ಣಿನ ಕುಂಡಗಳನ್ನು ದೂರ ಬೇರೆ ಇಟ್ಟು, ಎರಡರಲ್ಲೂ ಬ್ರಾಡ್ ಬೀನ್ಸ್ ಬಿತ್ತಬೇಕು. ಮೂರು ನಾಲ್ಕು ಎಲೆ ಬರುವವರೆಗೆ ಕಾದು ನೋಡಿದರೆ ಎಲ್ಲ ತಿಳಿಯುತ್ತದೆ. ನಮ್ಮ ಲಾಯದ ಲದ್ದಿಯಲ್ಲಿ ಎಲೆಗಳು ನೆಟ್ಟಗೆ ಬಂದವು.

ಲದ್ದಿ ತುಂಬಿ ಬಿಸಿ ಹುಟ್ಟಿಸುವ ಪೆಟ್ಟಿಗೆಗೆ, ಸರಕು ಸಾಗಿಸಲು ಬಳಸುವ ಮರದ ಅಡಿಹಲಗೆಗಳಾದ ಪ್ಯಾಲೆಟ್‌ಗಳು ನಾಲ್ಕು ಸಾಕು. ಪ್ಯಾಲೆಟ್‌ನ ಮೇಲೆ ಸುಟ್ಟ ಮುದ್ರೆಯಲ್ಲಿ ‘ಎಚ್‌ಟಿ’ ಎಂದಿದ್ದರೆ ಮರವನ್ನು ಶಾಖ ಕೊಟ್ಟು ಶುದ್ಧಿ ಮಾಡಿದ್ದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಕುಡಿಸಿದ್ದು, ಅದನ್ನು ತರಕಾರಿಯ ಹತ್ತಿರ ಸೇರಿಸುವುದಿಲ್ಲ. ಮೂಲೆಗಳನ್ನು ದಪ್ಪ ತಂತಿಯಿಂದ ಬಿಗಿದು, ಒಳಗೆ ಹಳೆಯ ರಟ್ಟು ಹಾಸಿ, ಹುಲ್ಲು ಬೆರೆತ ಹಸಿ ಲದ್ದಿಯನ್ನು ತುಳಿದು ತುಳಿದು 60 ಸೆಂ.ಮೀ. ಎತ್ತರಕ್ಕೆ ತುಂಬಿದೆ. ತುಳಿಯದಿದ್ದರೆ ಗಾಳಿ ಹೆಚ್ಚಾಗಿ ಬೇಗ ಉರಿದು ಆರುತ್ತದೆ. ಅತಿಯಾಗಿ ತುಳಿದರೆ ಉಸಿರುಗಟ್ಟಿ ಬಿಸಿಯೇ ಏಳುವುದಿಲ್ಲ. ಮೇಲೆ 15 ಸೆಂ.ಮೀ. ಮಣ್ಣು, ಅದರ ಮೇಲೆ ಯಾರೋ ಬಿಸಾಡಿದ್ದ ಕಿಟಕಿ. ಕೆಲವೇ ದಿನಗಳಲ್ಲಿ ಒಳಗಿನ ಉಷ್ಣಮಾಪಕ 60 ಡಿಗ್ರಿ ದಾಟಿತು. ಆ ಹೊತ್ತಿನಲ್ಲಿ ಏನು ಬಿತ್ತಿದರೂ ಬೇಯುತ್ತದೆ. ಅದು 28ಕ್ಕೆ ಇಳಿಯುವವರೆಗೆ ಬಿಟ್ಟು, ಮೇ ಮೊದಲ ವಾರದಲ್ಲಿ ಅವರೆಯ ಕುಂಡಗಳನ್ನು ಮಣ್ಣಿನಲ್ಲಿ ಹೂತಿಟ್ಟೆ. ಜೊತೆಗೆ ಹೀರೆ ಮತ್ತು ಬದನೆ.

ತಿಪ್ಪೆಯ ಬಿಸಿ ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಆದರೆ ಹೊರಗೆ 7 ಡಿಗ್ರಿ ಇರುವ ಬೆಳಗ್ಗೆ ಕಿಟಕಿ ಎತ್ತಿದಾಗ ಮುಖಕ್ಕೆ ಹಬೆ ಬಡಿಯುವುದು ಖುಷಿ ಕೊಡುವ ಸಂಗತಿ, ಅದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಗುಡಾರ

ನಮ್ಮಲ್ಲಿ ಪಾಲಿಟನಲ್ ಕಟ್ಟಲು ತೋಟದ ಸಮಿತಿಯ ಒಪ್ಪಿಗೆ ಬೇಕು. ಅಳತೆ ಬರೆದು ಕೊಟ್ಟೆ: ಅಗಲ 2.4 ಮೀಟರ್, ಉದ್ದ 4.5 ಮೀಟರ್, ಎತ್ತರ 1.8 ಮೀಟರ್. ಸಿದ್ಧ ಕಿಟ್‌ಗಳು ಸಿಗುತ್ತವೆ. ಅಗ್ಗದವುಗಳ ಸಣ್ಣ ಕಬ್ಬಿಣದ ಕೊಳವೆ ಮೊದಲ ಬಿರುಗಾಳಿಗೇ ಮಡಚಿ ಬೀಳುವುದನ್ನು ಈ ತೋಟದಲ್ಲಿ ಸಾಕಷ್ಟು ನೋಡಿದ್ದೇನೆ. ನಾನು ತಂದದ್ದು ನೆಲದಡಿ ನೀರು ಸಾಗಿಸಲು ಬಳಸುವ 25 ಮಿ.ಮೀ. ನೀಲಿ ಪಾಲಿಎಥಿಲೀನ್ ಕೊಳವೆಯ 25 ಮೀಟರ್ ಸುರುಳಿ. ಅಗ್ಗವೆಂದು ಬಿಳಿ ಪಿವಿಸಿ ಕೊಳವೆ ತರಲು ಮನಸ್ಸಾಗುತ್ತದೆ. ತರಬಾರದು. ಪಿವಿಸಿ ತಾಗಿದ ಕಡೆ ಪಾಲಿಥಿನ್‌ನಲ್ಲಿರುವ ಬಿಸಿಲು ತಡೆಯುವ ಅಂಶ ಕೆಟ್ಟು, ಹಾಳೆ ಬೇಗ ಸೀಳುತ್ತದೆ.

ಲೆಕ್ಕ ಹೀಗೆ. ಕಮಾನು ಒಂದಕ್ಕೆ 5 ಮೀಟರ್. ಅದನ್ನು 2.4 ಮೀಟರ್ ಅಂತರಕ್ಕೆ ಬಾಗಿಸಿದರೆ ಎರಡೂ ಬದಿ 60 ಸೆಂ.ಮೀ. ನೇರ ನಿಂತು, ಮೇಲೆ 1.2 ಮೀಟರ್ ತ್ರಿಜ್ಯದ ಅರ್ಧವೃತ್ತ ಬರುತ್ತದೆ. ಒಟ್ಟು ಎತ್ತರ 1.8 ಮೀಟರ್. ಒಂದೂವರೆ ಮೀಟರಿಗೊಂದರಂತೆ ನಾಲ್ಕು ಕಮಾನು, 20 ಮೀಟರ್. ಉಳಿದ 5 ಮೀಟರಿನಲ್ಲಿ ನಾಲ್ಕೂವರೆ ಮೀಟರ್ ನೆತ್ತಿಯ ತೊಲೆಗೆ ಹೋಯಿತು. ಕೊಳವೆಯ ಒಳವ್ಯಾಸ ಸುಮಾರು 20 ಮಿ.ಮೀ., ಆದ್ದರಿಂದ 16 ಮಿ.ಮೀ. ಕಟ್ಟಡದ ಕಬ್ಬಿಣದ ಸರಳು ಅದರೊಳಗೆ ಸರಿಯಾಗಿ ಕೂರುತ್ತದೆ. ಮೀಟರ್ ಉದ್ದದ ಎಂಟು ಸರಳುಗಳನ್ನು ಅರ್ಧಕ್ಕಿಂತ ಹೆಚ್ಚು ನೆಲಕ್ಕೆ ಹೊಡೆದು, ಉಳಿದದ್ದರ ಮೇಲೆ ಕೊಳವೆ ತೂರಿಸಿದೆ. ಸುರುಳಿಯ ಕೊಳವೆಗೆ ತನ್ನದೇ ಬಾಗು ಇರುತ್ತದೆ. ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಬಿಚ್ಚಿ ಹಾಸಿದರೆ ಮೆತ್ತಗಾಗಿ ಹೇಳಿದ ಮಾತು ಕೇಳುತ್ತದೆ.

ಎರಡೂ ತುದಿಗೆ 50×50 ಮಿ.ಮೀ. ಮರದ ಬಾಗಿಲ ಚೌಕಟ್ಟು. ಮೊದಲ ಮತ್ತು ಕೊನೆಯ ಕಮಾನುಗಳಿಗೆ ಓರೆಯಾಗಿ ರೀಪಿನ ಆಸರೆ. ಈ ಓರೆ ಆಸರೆ ಇಲ್ಲದ ಗುಡಾರ ಗಾಳಿಗೆ ಉದ್ದಕ್ಕೆ ಮಲಗುತ್ತದೆ, ಅಡ್ಡಕ್ಕಲ್ಲ. ಜನ ಅಡ್ಡಕ್ಕೆ ಮಾತ್ರ ಹೆದರಿ ಹಗ್ಗ ಕಟ್ಟುತ್ತಾರೆ. ಹಾಳೆ 720 ಗೇಜಿನದು, ಅಂದರೆ 180 ಮೈಕ್ರಾನ್. 6 ಮೀಟರ್ ಅಗಲ, 9 ಮೀಟರ್ ಉದ್ದ. ಸುತ್ತ 30 ಸೆಂ.ಮೀ. ಆಳದ ಕಾಲುವೆ ತೋಡಿ, ಹಾಳೆಯ ಅಂಚನ್ನು ಅದರಲ್ಲಿಳಿಸಿ ಮಣ್ಣು ತುಳಿದೆವು. ಇದಕ್ಕೆ ಬಿಸಿಲಿರುವ, ಗಾಳಿಯಿಲ್ಲದ ದಿನವೇ ಬೇಕು. ಬಿಸಿಯಲ್ಲಿ ಹಿಗ್ಗಿದ ಹಾಳೆಯನ್ನು ಎಳೆದು ಹೂತರೆ ಸಂಜೆ ತಣ್ಣಗಾಗುವಾಗ ತಮಟೆಯಂತೆ ಬಿಗಿಯುತ್ತದೆ.

ಗುಡಾರ ಹಗಲಿನ ಬಿಸಿಯನ್ನಷ್ಟೇ ಹಿಡಿಯುತ್ತದೆ. ಮೋಡವಿಲ್ಲದ ರಾತ್ರಿ ಒಳಗೂ ಹೊರಗೂ ಒಂದೆರಡು ಡಿಗ್ರಿ ವ್ಯತ್ಯಾಸ, ಅಷ್ಟೆ. ಅದಕ್ಕೆ 200 ಲೀಟರ್‌ನ ಎರಡು ಡ್ರಮ್ಮುಗಳಿಗೆ ಕಪ್ಪು ಬಣ್ಣ ಬಳಿದು ಒಳಗಿಟ್ಟೆ. ಒಂದು ಡ್ರಮ್ಮಿನ ನೀರು ರಾತ್ರಿ 10 ಡಿಗ್ರಿ ತಣ್ಣಗಾದರೆ ಹೊರಬೀಳುವ ಶಾಖ ಸುಮಾರು 2.3 ಯೂನಿಟ್ ವಿದ್ಯುತ್ತಿಗೆ ಸಮ. ಪ್ರತಿ ರಾತ್ರಿ ಅಷ್ಟೇ ಇಳಿಯುವುದಿಲ್ಲ, ನಿಜ. ಅರ್ಧ ಸಿಕ್ಕರೂ ಬಿಟ್ಟಿ ಬಂದದ್ದೇ. ಡ್ರಮ್ಮಿಗೆ ನೀರು ಪಕ್ಕದ ಶೆಡ್ಡಿನ ಮಾಡಿನಿಂದ ಬರುತ್ತದೆ. ಮಾಡು 4.3 ಚದರ ಮೀಟರ್, 10 ಮಿ.ಮೀ. ಮಳೆಗೆ ಸೋರಿಕೆ ಕಳೆದು 35 ಲೀಟರ್. ಈ ಕಡೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದೂ ಹನ್ನೆರಡು ತಿಂಗಳಿಗೆ ಹಂಚಿ ಹನಿ ಹನಿಯಾಗಿ. ಇಂಗ್ಲೆಂಡೆಂದರೆ ಸದಾ ಮಳೆ ಎಂದು ನಂಬಿರುವ ನಮ್ಮ ಊರಿನವರಿಗೆ, ಬೆಂಗಳೂರಿನಲ್ಲಿ ಇದಕ್ಕಿಂತ ಹೆಚ್ಚು ಸುರಿಯುತ್ತದೆ ಎಂದರೆ ಅಚ್ಚರಿ. ಈ ಮಾಡಿನಿಂದ ತಿಂಗಳಿಗೆ ಒಂದು ಡ್ರಮ್ ಕೂಡ ತುಂಬುವುದಿಲ್ಲ. ಕೊರತೆಯನ್ನು ತೋಟದ ಸಾಮಾನ್ಯ ತೊಟ್ಟಿಯಿಂದ ಹೊತ್ತು ತರಬೇಕು. ನಮ್ಮಲ್ಲಿ ಹೋಸ್ ಪೈಪ್ ಬಳಸುವಂತಿಲ್ಲ.

ಕತ್ತಲೆಮನೆ

ಈಗ ಮುಖ್ಯ ಕೆಲಸ. ಗಿಡ ಹೂ ಬಿಡುವ ಕಾಲವನ್ನು ಹಗಲಿನ ಉದ್ದ ನಿರ್ಧರಿಸುತ್ತದೆ ಎಂಬುದನ್ನು ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಪ್ರಕಟಿಸಿದರು. ಅವರು ಬಳಸಿದ ಉಪಕರಣ ಬಹಳ ಸರಳ: ಬೆಳಕು ನುಸುಳದ ಒಂದು ಸಣ್ಣ ಗುಡಿಸಲು. ಸೋಯಾ ಮತ್ತು ತಂಬಾಕಿನ ಗಿಡಗಳನ್ನು ಸಂಜೆ ಮುಂಚೆಯೇ ಅದರೊಳಗಿಟ್ಟು ಮರುದಿನ ಹೊರತೆಗೆದರು. ಬೇಸಿಗೆಯ ನಡುವೆ ಅವು ಹೂ ಬಿಟ್ಟವು. ಹಗಲಿಗಿಂತ ತಡೆಯಿಲ್ಲದ ರಾತ್ರಿಯೇ ಮುಖ್ಯ ಎಂಬುದು ಆಮೇಲಿನ ಸಂಶೋಧನೆಗಳಿಂದ ತಿಳಿಯಿತು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಸೇವಂತಿಗೆ ಹೊಲದ ಮೇಲೆ ಸಾಲು ಸಾಲು ಬಲ್ಬು ಉರಿಯುವುದನ್ನು ನೋಡಿರಬಹುದು. ಅಲ್ಲಿನ ರೈತರು ಬೆಳಕು ಕೊಟ್ಟು ರಾತ್ರಿಯನ್ನು ಮುರಿಯುತ್ತಾರೆ, ಹೂವನ್ನು ಮುಂದಕ್ಕೆ ತಳ್ಳಿ ಗಿಡ ಎತ್ತರವಾಗುವಂತೆ ಮಾಡುತ್ತಾರೆ. ನಾನು ಮಾಡಬೇಕಾದದ್ದು ಅದರ ತಿರುವುಮುರುವು.

ಗುಡಾರದ ಉತ್ತರ ತುದಿಯ ಮಡಿಯ ಮೇಲೆ 25×50 ಮಿ.ಮೀ. ರೀಪಿನ ಚೌಕಟ್ಟು ನಿಲ್ಲಿಸಿದೆ. ಉದ್ದ 1.5 ಮೀಟರ್, ಅಗಲ 1 ಮೀಟರ್. ಗುಡಾರದ ಬದಿ ಬಾಗಿರುವುದರಿಂದ ಹೊರಗಿನ ಅಂಚು 90 ಸೆಂ.ಮೀ. ಎತ್ತರ, ನಡೆಯುವ ದಾರಿಯ ಕಡೆ 1.5 ಮೀಟರ್, ಒಂದೇ ಇಳಿಜಾರಿನ ಮಾಡು. ಹೊದಿಕೆಗೆ ದನದ ಮೇವು ಹುದುಗಿಸಲು ರೈತರು ಬಳಸುವ ಹಾಳೆ, ಒಂದು ಮುಖ ಬಿಳಿ, ಇನ್ನೊಂದು ಕಪ್ಪು. ಹೊರಗಿನ ಅಂಚಿನ ತಳದಲ್ಲಿ ಹಾಳೆಯನ್ನು ರೀಪಿಗೆ ಮೊಳೆ ಹೊಡೆದು, ಇನ್ನೊಂದು ತುದಿಗೆ ಬಿದಿರು ಸುತ್ತಿ, ಬಿದಿರಿನ ಎರಡು ಕೊನೆಗೂ ಹಗ್ಗ ಕಟ್ಟಿದೆ. ಹಗ್ಗ ಎಳೆದರೆ ಹಾಳೆ ಮಾಡಿನ ಮೇಲೆ ಹತ್ತಿ ದಾರಿಯ ಕಡೆ ನೆಲದವರೆಗೆ ಇಳಿಯುತ್ತದೆ. ಬೆಳಗ್ಗೆ ಸುತ್ತಿ ಹಿಂದಕ್ಕೆ ಉರುಳಿಸಿದರೆ ಗಿಡಕ್ಕೆ ಮೇಲಿನಿಂದ, ಮೂರು ಬದಿಗಳಿಂದ ಪೂರ್ತಿ ಬೆಳಕು. ಉತ್ತರದ ಗೋಡೆ ಮಾತ್ರ ಸ್ಥಿರ, ಅಲ್ಲಿಂದ ಬರುವ ಬೆಳಕು ಹೇಗಿದ್ದರೂ ಕಡಿಮೆ. ದಕ್ಷಿಣಕ್ಕೆ ಬೇರೆ ಪರದೆ. ಹಾಳೆಯ ಅಳತೆ ಹಾಕಿದರೆ 90 ಸೆಂ.ಮೀ., ಇಳಿಜಾರು 117 ಸೆಂ.ಮೀ., ಮತ್ತೆ 150 ಸೆಂ.ಮೀ.; ನೆಲದ ಮೇಲೆ ಮಡಚಿ ಮಣ್ಣಿನ ಚೀಲ ಇಡಲು ಸೇರಿಸಿ 4 ಮೀಟರ್.

ಬಿಳಿ ಮುಖ ಹೊರಗೆ ಯಾಕೆ ಎಂಬುದನ್ನು ಗಿಡ ನೆಡುವ ಮುಂಚೆಯೇ ಪರೀಕ್ಷಿಸಿದೆ. ಜೂನ್ ಸಂಜೆ 6 ಗಂಟೆಗೆ ಸೂರ್ಯ ಇನ್ನೂ ಪಶ್ಚಿಮದಲ್ಲಿ ಚೆನ್ನಾಗಿಯೇ ಮೇಲಿರುತ್ತಾನೆ. ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಖಾಲಿ ಚೌಕಟ್ಟಿನ ಮೇಲೆ ಕಪ್ಪು ಮುಖ ಹೊರಗೆ ಮಾಡಿ ಹೊದಿಸಿದಾಗ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ 41 ಡಿಗ್ರಿ ಮುಟ್ಟಿತು. ಬಿಳಿ ಮುಖ ಹೊರಗೆ ತಿರುಗಿಸಿ, ಗುಡಾರದ ಎರಡೂ ಬಾಗಿಲು ತೆರೆದಿಟ್ಟಾಗ ಅಂಥದೇ ಸಂಜೆ 31. ಅವರೆಗೆ 31 ತೊಂದರೆಯಲ್ಲ.

ಗಾಳಿ ಬೇಕು, ಬೆಳಕು ಬೇಡ ಎಂಬುದು ಇನ್ನೊಂದು ಗಂಟು. ಉತ್ತರದ ಗೋಡೆಯಲ್ಲಿ ತಳಕ್ಕೊಂದು, ನೆತ್ತಿಗೊಂದು ಕಂಡಿ ಕೊರೆದು, ಪ್ರತಿ ಕಂಡಿಗೂ ಎದುರುಬದುರು ಎರಡು ಪ್ಲೈವುಡ್ ತುಂಡುಗಳನ್ನು ಒಂದರ ಮೇಲೊಂದು ಚಾಚಿಕೊಳ್ಳುವಂತೆ ಜೋಡಿಸಿದೆ. ಒಳಮುಖಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ. ಗಾಳಿ ಅಂಕುಡೊಂಕಾಗಿ ಬರುತ್ತದೆ, ಬೆಳಕು ನೇರ ಹೋಗಿ ಬಣ್ಣಕ್ಕೆ ಬಡಿದು ಸಾಯುತ್ತದೆ. ಕತ್ತಲೆಯ ಪರೀಕ್ಷೆಗೆ ಯಂತ್ರ ಬೇಡ. ನಡು ಮಧ್ಯಾಹ್ನ ಒಳಗೆ ಹೋಗಿ ಹಾಳೆ ಎಳೆಸಿಕೊಂಡು ಕೂತು, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಕಾಯಬೇಕು. ಮೊಳೆಯ ತೂತುಗಳೆಲ್ಲ ಆಗ ಕಾಣುತ್ತವೆ. ಅಂಟುಪಟ್ಟಿ ಹಾಕುತ್ತಾ ಹೋದೆ. ಹೊರಗೆ ನಿಂತಿದ್ದ ಪಕ್ಕದ ಹಿರಿಯರು, ಒಳಗಿರುವವರು ಬದುಕಿದ್ದಾರೆಯೇ ಎಂದು ಆಗಾಗ ವಿಚಾರಿಸುತ್ತಿದ್ದರು.

ಅವರ ಸಹಾಯವಿಲ್ಲದೆ ಈ ಕೆಲಸ ಆಗುವುದೂ ಇಲ್ಲ. ಹಾಳೆಯನ್ನು ಸಂಜೆ 6ಕ್ಕೆ ಎಳೆದು ಬೆಳಗ್ಗೆ 8ಕ್ಕೆ ತೆಗೆಯಬೇಕು: 14 ಗಂಟೆ ರಾತ್ರಿ, 10 ಗಂಟೆ ಹಗಲು. ಸಂಜೆ ಕಚೇರಿಯಿಂದ ಬರುವಾಗ ನಾನು ಎಳೆಯಬಹುದು. ಬೆಳಗ್ಗೆ 8ಕ್ಕೆ ತೋಟದಲ್ಲಿ ಇರುವವರು ಅವರು. ಬೀಜದ ಒಂದು ಪಾಲು ಉಂಧಿಯುಗೆ ಎಂಬ ಕರಾರಿನ ಮೇಲೆ ಒಪ್ಪಿದರು.

ಬಳ್ಳಿಗಳು

ಮೇ ಕೊನೆಗೆ ಕತ್ತಲೆಮನೆಯಲ್ಲಿ ನಾಲ್ಕು ಸಸಿ ನೆಟ್ಟೆ. ಅದೇ ಗುಡಾರದ ಇನ್ನೊಂದು ಮಡಿಯಲ್ಲಿ, ಅದೇ ಮಣ್ಣಿಗೆ, ಎರಡು ಸಸಿ. ಈ ಎರಡಕ್ಕೆ ಹೊದಿಕೆ ಇಲ್ಲ. ಬಿಸಿ, ನೀರು, ಗೊಬ್ಬರ ಎಲ್ಲ ಸಮ. ವ್ಯತ್ಯಾಸ ರಾತ್ರಿ ಮಾತ್ರ. ಹಾಗಿಲ್ಲದಿದ್ದರೆ ಕೊನೆಗೆ ಏನಾಯಿತೆಂದು ಯಾರೂ ನಂಬುವಂತಿರುವುದಿಲ್ಲ, ಮೊದಲಾಗಿ ನಾನೇ ನಂಬುತ್ತಿರಲಿಲ್ಲ.

ಎಳೆಯ ಗಿಡಕ್ಕೆ ಕತ್ತಲೆ ಕೊಟ್ಟರೆ ಬಳ್ಳಿ ಬಡಕಲಾಗಿಯೇ ಹೂ ಬಿಡುತ್ತದೆ. ಏಳೆಂಟು ಎಲೆ ಬರಲಿ ಎಂದು ಜೂನ್ ನಡುವಿನವರೆಗೆ ತಡೆದು, ಆಮೇಲೆ ಹಾಳೆ ಎಳೆಯಲು ಶುರು ಮಾಡಿದೆವು. ಚೌಕಟ್ಟು ಕುಳ್ಳಾದ್ದರಿಂದ ಹಂಬನ್ನು ಮೇಲೆ ಬಿಡುವಂತಿಲ್ಲ. ತಂತಿ ಜಾಲರಿಯ ಮೇಲೆ ಅಡ್ಡಡ್ಡ ಸುತ್ತಿಸಿ, ಒಂದು ಮೀಟರ್ ದಾಟಿದ ಕುಡಿಗಳನ್ನು ಚಿವುಟುತ್ತಾ ಬಂದೆ. ನೀರು ಬೆಳಗ್ಗೆ ಮಾತ್ರ. ಸಂಜೆ ನೀರು ಹಾಕಿ ಹಾಳೆ ಮುಚ್ಚಿದರೆ ಒಳಗೆಲ್ಲ ಬೆವರು, ಬೂದು ಬೂಷ್ಟಿಗೆ ಹಬ್ಬ.

ಹೊರಗಿನ ಅರ್ಧ ತುಂಡಿನಲ್ಲಿ ಈ ಹೊತ್ತಿಗೆ ಎಲ್ಲವೂ ತಾನಾಗಿ ನಡೆಯುತ್ತಿತ್ತು. ಉದ್ದದ ಹಗಲು ಇಲ್ಲಿನ ಬೆಳೆಗಳಿಗೆ ತವರು. ಇಲ್ಲಿ ಮಾರುವ ಈರುಳ್ಳಿ ತಳಿಗಳು ದೀರ್ಘ ಹಗಲು ಬಂದ ಮೇಲೆಯೇ ಗಡ್ಡೆ ಕಟ್ಟುವಂಥವು; ಕಡಿಮೆ ಹಗಲಿಗೆ ಒಗ್ಗಿದ ನಮ್ಮ ಈರುಳ್ಳಿಯನ್ನು ಇಲ್ಲಿ ವಸಂತದಲ್ಲಿ ಬಿತ್ತಿದರೆ ಗಿಡ ಬಲಿಯುವ ಮೊದಲೇ ಗೋಲಿಯಷ್ಟು ಗಡ್ಡೆ ಕಟ್ಟಿ ಮಲಗುತ್ತದೆ. ರನ್ನರ್ ಬೀನ್ಸ್ 2.4 ಮೀಟರಿನ ಬಿದಿರು ಹತ್ತಿ ಕೆಂಪು ಹೂ ತುಂಬಿಕೊಂಡಿತ್ತು. ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ, ರಾಸ್ಪ್‌ಬೆರಿಗಳಿಗೆ ಬಲೆ ಹಾಕುವುದಷ್ಟೇ ಕೆಲಸ, ಹಾಕದಿದ್ದರೆ ಪಾರಿವಾಳ ಮತ್ತು ಕರಿಹಕ್ಕಿಗಳು ಹಣ್ಣಾಗುವ ಹಿಂದಿನ ದಿನವೇ ಲೆಕ್ಕ ಚುಕ್ತಾ ಮಾಡುತ್ತವೆ. ಕೊತ್ತಂಬರಿ ಮಾತ್ರ ಜೂನ್‌ನಲ್ಲಿ ಬಿತ್ತಿದರೆ ಸೊಪ್ಪಿಗಿಂತ ಮುಂಚೆ ಹೂವಿಗೇರುತ್ತದೆ. ಆಗಸ್ಟ್ ತನಕ ತಾಳ್ಮೆ ಬೇಕು. ಗುಡಾರದ ಹೀರೆಯದು ಇನ್ನೊಂದು ಕತೆ. ಉದ್ದದ ಹಗಲಿನಲ್ಲಿ ಅದು ಬರಿ ಗಂಡು ಹೂಗಳನ್ನೇ ಬಿಟ್ಟುಕೊಂಡು ಕೂತಿತು, ಹೆಣ್ಣು ಹೂ ಕಂಡದ್ದು ಆಗಸ್ಟ್‌ನಲ್ಲಿ. ಹೀರೆಯ ಹೂ ಅರಳುವುದು ಸಂಜೆ. ಆ ಹೊತ್ತಿಗೆ ಇಲ್ಲಿನ ದುಂಬಿಗಳು ಕೆಲಸ ಮುಗಿಸಿ ಹೋಗಿರುತ್ತವೆ, ಗಂಡು ಹೂ ಕಿತ್ತು ನಾವೇ ಹೆಣ್ಣು ಹೂವಿಗೆ ತಾಗಿಸಬೇಕು. ಬೀಜ ತಂದುಕೊಟ್ಟವರ ಮುಖ ನೋಡಿ ಬೆಳೆಸಬೇಕಾದ ಬೆಳೆ ಅದು. ಇಲ್ಲಿ ಜಾಗಕ್ಕೆ ತಕ್ಕ ಫಲವಿಲ್ಲ.

ಜುಲೈನ ಎರಡನೆಯ ಅರ್ಧದಲ್ಲಿ ಕತ್ತಲೆಮನೆಯ ಬಳ್ಳಿಗಳ ಎಲೆಗಂಕುಳಲ್ಲಿ ಹಸಿರು ಕಡ್ಡಿಗಳು ಎದ್ದವು. ಮೊದಲು ಇನ್ನೊಂದು ಕವಲಿರಬಹುದೆಂದು ಅನುಮಾನ. ಕಡ್ಡಿಯ ಗಂಟುಗಳಲ್ಲಿ ಕಾಳಿನಂಥ ಮೊಗ್ಗು ಕಾಣಿಸಿದಾಗ ಅನುಮಾನ ಹೋಯಿತು. ಎದುರಿನ ಮಡಿಯ ಎರಡು ಬಳ್ಳಿಗಳು ಆ ಹೊತ್ತಿಗೆ ನೆತ್ತಿಯ ತೊಲೆ ಹಿಡಿದು ಗುಡಾರದ ಉದ್ದಕ್ಕೂ ಓಡಿದ್ದವು, ಎಲೆ ಅಂಗೈಗಿಂತ ಅಗಲ, ಮೊಗ್ಗಿನ ಸುಳಿವಿಲ್ಲ. ನೋಡಿದವರು ಯಾರಾದರೂ ಅವೇ ಚೆನ್ನಾಗಿವೆ ಎನ್ನುತ್ತಿದ್ದರು.

ಮೊಗ್ಗು ಬಂದ ಕೂಡಲೇ ಹಾಳೆ ನಿಲ್ಲಿಸಬಹುದೇ ಎಂದು ಹಿರಿಯರು ಕೇಳಿದರು. ಜುಲೈ ಕೊನೆಯಲ್ಲೂ ಇಲ್ಲಿ ಹಗಲು ಹದಿನೈದೂವರೆ ಗಂಟೆ. ನಿಲ್ಲಿಸಿದರೆ ಬಳ್ಳಿ ಹೊಸ ಕಡ್ಡಿ ಎಬ್ಬಿಸುವುದನ್ನು ಬಿಟ್ಟು ಮತ್ತೆ ಎಲೆಯ ದಾರಿ ಹಿಡಿಯುವ ಸಂಭವ ಹೆಚ್ಚು. ಆಗಸ್ಟ್ ಮುಗಿಯುವವರೆಗೆ ಮುಂದುವರಿಸಿದೆವು. ಹೂವು ಹಗಲಿನಲ್ಲಿ ತೆರೆದಿರುವಾಗ ಹಾಳೆ ಹಿಂದಕ್ಕಿರುವುದರಿಂದ ದುಂಬಿಗಳಿಗೆ ಅಡ್ಡಿಯಿಲ್ಲ, ಅವರೆ ಬಹುಮಟ್ಟಿಗೆ ತನ್ನ ಹೂವಿನಲ್ಲೇ ಪರಾಗ ಮುಗಿಸಿಕೊಳ್ಳುತ್ತದೆ ಕೂಡ. ಕಾಟ ಕೊಟ್ಟದ್ದು ಎರಡು: ಎಳೆ ಕಡ್ಡಿಗೆ ಮುತ್ತಿದ ಕಪ್ಪು ಹೇನು ಮತ್ತು ಎಲೆಯಡಿಯ ಕೆಂಪು ನುಸಿ. ಹೇನನ್ನು ಬೆರಳಿನಿಂದ ಸವರಿ ತೆಗೆದೆ, ಉಳಿದದ್ದನ್ನು ಗುಲಗಂಜಿ ಹುಳುಗಳು ನೋಡಿಕೊಂಡವು. ನುಸಿಗೆ ಒಣ ಹವೆ ಇಷ್ಟ. ಬೆಳಗ್ಗೆ ದಾರಿಯ ಮೇಲೆ ನೀರು ಚೆಲ್ಲಿ ತೇವ ಇಟ್ಟದ್ದರಿಂದ ಅದು ಕೈಮೀರಲಿಲ್ಲ.

ಆಗಸ್ಟ್ ನಡುವೆ ಮೊದಲ ಎಳೆಕಾಯಿ. ಸೆಪ್ಟೆಂಬರ್‌ನಲ್ಲಿ ಕಾಳು ಕಟ್ಟಿದ ಕಾಯಿ. ರಾತ್ರಿ 9, 10 ಡಿಗ್ರಿಗೆ ಇಳಿಯತೊಡಗಿದ ಮೇಲೆ ಸಿಪ್ಪೆಯ ಮೇಲೆ ಜಿಡ್ಡು ಕೂತು ಸೊಗಡು ಎದ್ದಿತು. ಮಾಗಿಯ ಚಳಿಯ ಅವರೆಯಷ್ಟು ಗಡುಸಲ್ಲ, ಆದರೆ ಬುಟ್ಟಿಯನ್ನು ಕಾರಿನಲ್ಲಿಟ್ಟರೆ ಮರುದಿನವೂ ಗೊತ್ತಾಗುವಷ್ಟು ಇತ್ತು. ನಾಲ್ಕು ಬಳ್ಳಿಯಿಂದ ಹಲವು ಸಲ ಸಾರಿಗೆ, ಒಮ್ಮೆ ಹಿತಕಿದ ಬೇಳೆಗೆ ಸಾಕಾಯಿತು. ಮೊಳಕೆಯಾಗಲಿ ಹಸಿಯಾಗಲಿ, ಕಾಳನ್ನು ಬೇಯಿಸದೆ ತಿನ್ನಬಾರದು. ಬಲಿತ ಒಣಕಾಳಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುತ್ತದೆ. ನೆನೆಸಿದ ನೀರು ಚೆಲ್ಲಿ ಚೆನ್ನಾಗಿ ಕುದಿಸುವ ನಮ್ಮ ಅಜ್ಜಿಯರ ಕ್ರಮ ಸರಿಯಾಗಿಯೇ ಇದೆ. ರನ್ನರ್ ಬೀನ್ಸಿಗೂ ಇದೇ ಎಚ್ಚರ, ಅದರ ವಿಷ ಬೇರೆಯ ಜಾತಿಯದಾದರೂ.

ಹೊದಿಕೆಯಿಲ್ಲದ ಎರಡು ಬಳ್ಳಿಗಳು ಸೆಪ್ಟೆಂಬರ್ ಕೊನೆಯ ವಾರದಲ್ಲಿ ಮೊಗ್ಗು ತೋರಿಸಿದವು, ಅಕ್ಟೋಬರ್‌ನಲ್ಲಿ ನಾಲ್ಕಾರು ಹೂ ಅರಳಿದವು. ಒಂದೂ ಕಾಯಾಗಲಿಲ್ಲ. ಪಕ್ಕದ ಹಿರಿಯರು ತಮ್ಮ ಪಾಪ್ಡಿ ಬಳ್ಳಿಯ ಮುಂದೆ ನಿಂತು ಹಾಳೆಯ ಅಳತೆ ಕೇಳಿದರು. ಅವರ ಗುಡಾರ ನನ್ನದಕ್ಕಿಂತ ಎತ್ತರ, ಒಳಗೆ 1.8 ಮೀಟರಿನ ಚೌಕಟ್ಟು ನಿಲ್ಲುತ್ತದೆ. ಹಗ್ಗದ ಬದಲು ಕಿಟಕಿ ಪರದೆಯ ರಾಟೆ ಹಾಕುವುದಾಗಿ ಹೇಳುತ್ತಿದ್ದಾರೆ, ಎರಡೂ ಮನೆಗೆ ಬೆಳಗ್ಗೆ ಒಂದೇ ಓಡಾಟ ಸಾಕು.

ಬಳ್ಳಿಗಳನ್ನು ಬುಡದಲ್ಲಿ ಕತ್ತರಿಸಿ, ಸಾರಜನಕದ ಗಂಟುಗಳಿರುವ ಬೇರನ್ನು ಮಣ್ಣಿನಲ್ಲೇ ಬಿಟ್ಟೆ. ಒಣಗಿಸಿದ ಕಾಯಿಗಳಿಂದ ಮುಂದಿನ ಬಿತ್ತನೆಗೆ ಕಾಳು ಆರಿಸಿದೆ, ಮೊದಲು ಮೊಗ್ಗಾದ ಬಳ್ಳಿಯದನ್ನು ಬೇರೆ ಡಬ್ಬಿಗೆ. ಬಿಳಿ ಕಪ್ಪು ಹಾಳೆಯನ್ನು ಚೌಕಟ್ಟಿನಿಂದ ಬಿಚ್ಚಿ, ಕಪ್ಪು ಮುಖ ಮೇಲೆ ಮಾಡಿ, ಆಲೂಗಡ್ಡೆ ತೆಗೆದ ಮಡಿಯ ಮೇಲೆ ಹಾಸಿದ್ದೇನೆ. ಮಾರ್ಚ್‌ವರೆಗೆ ಅದರಡಿ ಕಳೆ ಏಳುವುದಿಲ್ಲ.